ಸೂಲಗಿತ್ತಿಯಿಂದ ಸಂಶೋಧನ ಪದವಿಯವರೆಗೆ: ವಿಜಯಪುರ ಪರಿಸರದ ಪ್ರಸೂತಿ ವಿದ್ಯೆ

ಪ್ರಸ್ತಾವನೆ

ಕರ್ನಾಟಕದ ವೈದ್ಯ ಇತಿಹಾಸವನ್ನು ಕುರಿತು ಈವರೆಗೆ ನಡೆದಿರುವ ಅಧ್ಯಯನಗಳಲ್ಲಿ ಹೆಚ್ಚಿನವು ಗ್ರಂಥಗಳನ್ನು, ಗ್ರಂಥಕರ್ತರನ್ನು ಮತ್ತು ಆಶ್ರಯದಾತ ಅರಸರನ್ನು ಕೇಂದ್ರವಾಗಿರಿಸಿಕೊಂಡಿವೆ. ಗರ್ಭಿಣಿ, ಪ್ರಸವ, ಬಾಣಂತನಗಳಿಗೆ ಸಂಬಂಧಿಸಿದ ವಿದ್ಯೆಯಾದರೋ ಬಹುಕಾಲ ಬರಹದ ಹೊರಗೆ, ಸೂಲಗಿತ್ತಿಯರ ಕೈಯಲ್ಲಿ ಉಳಿದುಬಂದಿದೆ. ಇಂದು ಪಾರಂಪರಿಕ ವೈದ್ಯಪದ್ಧತಿಗಳಲ್ಲಿ ಸ್ತ್ರೀ ಆರೋಗ್ಯವನ್ನು ಕುರಿತು ಸ್ನಾತಕೋತ್ತರ ಹಾಗೂ ಪಿಎಚ್.ಡಿ. ಹಂತದ ಅಧ್ಯಯನಗಳು ನಡೆಯುತ್ತಿವೆ. ಆಯುರ್ವೇದದಲ್ಲಿ ‘ಪ್ರಸೂತಿತಂತ್ರ ಮತ್ತು ಸ್ತ್ರೀರೋಗ’, ಯುನಾನಿಯಲ್ಲಿ ‘ಇಲ್ಮುಲ್ ಖಬಾಲತ್ ವ ಅಮ್ರಾಜೆ ನಿಸ್ವಾನ್’, ಚೀನದ ವಿಶ್ವವಿದ್ಯಾಲಯಗಳಲ್ಲಿ ಚೀನೀ ವೈದ್ಯದ ಸ್ತ್ರೀರೋಗ ಶಾಖೆ ಸ್ವತಂತ್ರ ವಿಷಯಗಳಾಗಿ ಬೆಳೆದಿವೆ. ಆದರೆ ಈ ಉನ್ನತ ಪದವಿಗಳು ಯಾರ ಜ್ಞಾನದ ಮೇಲೆ ನಿಂತಿವೆ, ಯಾರನ್ನು ಹೊರಗಿಟ್ಟಿವೆ ಎಂಬ ಪ್ರಶ್ನೆಯನ್ನು ಇತಿಹಾಸದ ವಿದ್ಯಾರ್ಥಿ ಕೇಳಬೇಕಾಗಿದೆ.

ಪ್ರಸ್ತುತ ಪ್ರಬಂಧದಲ್ಲಿ ವಿಜಯಪುರ ನಗರ ಹಾಗೂ ಅದರ ನೆರೆಯ ತಿಕೋಟಾ, ಬಬಲೇಶ್ವರ ಸೀಮೆಗಳನ್ನು ನೆಲೆಯಾಗಿರಿಸಿಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸಲು ಪ್ರಯತ್ನಿಸಲಾಗಿದೆ. ಪಾರಂಪರಿಕ ಪ್ರಸೂತಿ ವಿದ್ಯೆಯಲ್ಲಿ ಸಂಶೋಧನ ಪದವಿಯ ಅಧ್ಯಯನ ಕ್ರಮವೊಂದು ಸಾರ್ಥಕವಾಗಬೇಕಾದರೆ ಅದು ಸಂಗ್ರಹದಿಂದ ಆರಂಭವಾಗಿ ಪರೀಕ್ಷೆಯಲ್ಲಿ ಕೊನೆಗೊಳ್ಳಬೇಕು. ಸಂಗ್ರಹವಿಲ್ಲದ ಪರೀಕ್ಷೆಯೂ ಪರೀಕ್ಷೆಯಿಲ್ಲದ ಸಂಗ್ರಹವೂ ಅಪೂರ್ಣ ಎಂಬುದು ಇಲ್ಲಿನ ಪ್ರತಿಪಾದನೆ.

ಗ್ರಂಥಗಳಲ್ಲಿ ಸೂಲಗಿತ್ತಿ

ಆಯುರ್ವೇದದ ಎಂಟು ಅಂಗಗಳಲ್ಲಿ ಪ್ರಸೂತಿಗೆ ಪ್ರತ್ಯೇಕ ಸ್ಥಾನವಿಲ್ಲ; ಅದು ಕೌಮಾರಭೃತ್ಯದ ಒಳಗೆ ಬರುತ್ತದೆ. ಆದರೂ ಚರಕ ಮತ್ತು ಸುಶ್ರುತ ಸಂಹಿತೆಗಳ ಶಾರೀರಸ್ಥಾನಗಳಲ್ಲಿ ಗರ್ಭಿಣೀ ಪರಿಚರ್ಯೆ, ಸೂತಿಕಾಗಾರದ ರಚನೆ, ಪ್ರಸವ ಕಾಲದ ಉಪಚಾರ, ಬಾಣಂತಿಯ ಆಹಾರ ವಿಹಾರಗಳ ವಿಸ್ತಾರವಾದ ನಿರೂಪಣೆಯಿದೆ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮೂಢಗರ್ಭದ, ಅಂದರೆ ಅಡ್ಡಿಪಟ್ಟ ಪ್ರಸವದ, ಶಸ್ತ್ರೋಪಚಾರವನ್ನು ಹೇಳಲಾಗಿದೆ.

ಇಲ್ಲಿ ಒಂದು ಅಂಶ ಗಮನಾರ್ಹ. ಪ್ರಸವದ ಹೊತ್ತಿನಲ್ಲಿ ಬಳಿಯಿರಬೇಕಾದವರು ವಯಸ್ಸಾದ, ಹೆರಿಗೆ ಮಾಡಿಸುವುದರಲ್ಲಿ ನುರಿತ, ಉಗುರು ಕತ್ತರಿಸಿಕೊಂಡ ನಾಲ್ವರು ಸ್ತ್ರೀಯರು ಎಂದು ಸುಶ್ರುತ ಸಂಹಿತೆ ವಿಧಿಸುತ್ತದೆ. ಹಲವು ಬಾರಿ ಹೆತ್ತ ಅನುಭವಿ ಸ್ತ್ರೀಯರು ಜೊತೆಗಿರಬೇಕೆಂದು ಚರಕ ಸಂಹಿತೆಯೂ ಹೇಳುತ್ತದೆ. ಶಾಸ್ತ್ರಕಾರರು ತಾವು ಬರೆಯುತ್ತಿರುವ ವಿದ್ಯೆಯ ಒಂದು ಭಾಗ ತಮ್ಮದಲ್ಲ, ಅದು ಈ ಸ್ತ್ರೀಯರದು ಎಂಬುದನ್ನು ಒಪ್ಪಿಕೊಂಡಿದ್ದರು ಎಂದು ಇದರಿಂದ ಊಹಿಸಬಹುದು. ಆದರೆ ಆ ನಾಲ್ವರು ಏನು ಬಲ್ಲವರಾಗಿದ್ದರು, ಯಾರಿಂದ ಕಲಿತರು ಎಂಬುದನ್ನು ಗ್ರಂಥ ತಿಳಿಸುವುದಿಲ್ಲ. ಉಗುರು ಕತ್ತರಿಸಬೇಕೆಂಬ ಒಂದೇ ಮಾತಿನಲ್ಲಿ ಅಡಗಿರುವ ಶುಚಿತ್ವದ ಅನುಭವ ಎಷ್ಟು ತಲೆಮಾರುಗಳದೆಂದು ಅಳೆಯಲು ನಮ್ಮಲ್ಲಿ ಸಾಧನಗಳಿಲ್ಲ.

ಕನ್ನಡದ ವೈದ್ಯ ಸಾಹಿತ್ಯವೂ ಶ್ರೀಮಂತವಾದುದೇ. ಚಾಲುಕ್ಯ ಜಯಸಿಂಹನ ಕಾಲದ ಚಾವುಂಡರಾಯನ ‘ಲೋಕೋಪಕಾರ’ (1025), ಚಾಲುಕ್ಯ ರಾಜಕುಮಾರ ಕೀರ್ತಿವರ್ಮನ ‘ಗೋವೈದ್ಯ’, ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, ದೇವೇಂದ್ರ ಮುನಿಯ ‘ಬಾಲಗ್ರಹಚಿಕಿತ್ಸೆ’, ಮಂಗರಾಜನ ‘ಖಗೇಂದ್ರಮಣಿದರ್ಪಣ’ ಮೊದಲಾದವು ಪ್ರಸಿದ್ಧ. ಶಿಶುವಿನ ರೋಗಗಳಿಗೂ, ದನಕರುಗಳ ವೈದ್ಯಕ್ಕೂ, ವಿಷಚಿಕಿತ್ಸೆಗೂ ಕನ್ನಡದಲ್ಲಿ ಪ್ರತ್ಯೇಕ ಕೃತಿಗಳು ಹುಟ್ಟಿದವು. ಈ ಗ್ರಂಥಕರ್ತರೆಲ್ಲರೂ ಪುರುಷರು. ಜೈನ ಮುನಿಗಳು, ಅರಮನೆಯ ಆಶ್ರಿತರು, ರಾಜವಂಶಸ್ಥರು. ಹೆರಿಗೆಯ ಕೋಣೆಗೆ ಅವರಿಗೆ ಪ್ರವೇಶವಿರಲಿಲ್ಲ. ಆ ಕೋಣೆಯ ಒಡತಿಗೆ ಅಕ್ಷರದ ಪ್ರವೇಶವಿರಲಿಲ್ಲ.

ವಿಜಯಪುರ: ಪದ್ಧತಿಗಳ ಸಂಗಮ

ವಿಜಯಪುರ ಆದಿಲ್‌ಶಾಹಿ ಅರಸರ ರಾಜಧಾನಿಯಾಗಿದ್ದ ಕಾಲದಲ್ಲಿ ಎರಡು ವೈದ್ಯಪದ್ಧತಿಗಳು ಇಲ್ಲಿ ಮುಖಾಮುಖಿಯಾದವು. ಇತಿಹಾಸಕಾರನೆಂದೇ ಪ್ರಸಿದ್ಧನಾದ ಮುಹಮ್ಮದ್ ಖಾಸಿಂ ಫಿರಿಸ್ತಾ 1589ರಲ್ಲಿ ಅಹಮದ್‌ನಗರದಿಂದ ಇಲ್ಲಿಗೆ ಬಂದು ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಶ್ರಯ ಪಡೆದನು. ಅವನ ‘ಗುಲ್ಶನ್-ಎ-ಇಬ್ರಾಹಿಮಿ’ ಎಲ್ಲರಿಗೂ ತಿಳಿದ ಗ್ರಂಥ. ಅಷ್ಟಾಗಿ ಚರ್ಚೆಗೆ ಬಾರದ ಅವನ ಇನ್ನೊಂದು ಕೃತಿ ‘ದಸ್ತೂರುಲ್ ಅತಿಬ್ಬಾ’. ಭಾರತೀಯ ವೈದ್ಯದ ತತ್ತ್ವ, ಔಷಧ ಮತ್ತು ಚಿಕಿತ್ಸೆಗಳನ್ನು ಪಾರಸಿಯಲ್ಲಿ ನಿರೂಪಿಸಿ, ಯುನಾನಿ ಪದ್ಧತಿಯಲ್ಲಿ ಬೆಳೆದ ಓದುಗರಿಗೆ ಈ ನಾಡಿನ ವೈದ್ಯವನ್ನು ಪರಿಚಯಿಸುವುದು ಅದರ ಉದ್ದೇಶವಾಗಿತ್ತು. ಪರಕೀಯ ಪದ್ಧತಿಯೊಂದನ್ನು ತಿರಸ್ಕರಿಸದೆ, ಕುರುಡಾಗಿ ಒಪ್ಪದೆ, ಅದರ ಪರಿಭಾಷೆಯನ್ನು ಅರಿತು ಇನ್ನೊಂದು ಭಾಷೆಗೆ ತರುವ ಈ ಕ್ರಮವೇ ತುಲನಾತ್ಮಕ ವೈದ್ಯಸಂಶೋಧನೆಯ ಮೊದಲ ಮೆಟ್ಟಿಲು. ಆ ಮೆಟ್ಟಿಲನ್ನು ವಿಜಯಪುರ ನಾಲ್ಕು ಶತಮಾನಗಳ ಹಿಂದೆಯೇ ಹತ್ತಿತ್ತು.

ಇದೇ ನಗರದಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಇನ್ನೊಂದು ಮಹತ್ತ್ವದ ಸಂಗ್ರಹ ಕಾರ್ಯ ನಡೆಯಿತು. ಫ.ಗು. ಹಳಕಟ್ಟಿಯವರು (1880–1964) 1904ರಲ್ಲಿ ವಕೀಲಿ ವೃತ್ತಿಗಾಗಿ ಇಲ್ಲಿಗೆ ಬಂದು, ಮನೆಮನೆಗಳಲ್ಲಿ ಪೂಜೆಗೊಳ್ಳುತ್ತ ಹುಳು ಹಿಡಿಯುತ್ತಿದ್ದ ತಾಳೆಯೋಲೆ ಕಟ್ಟುಗಳನ್ನು ಸಂಗ್ರಹಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಪ್ರಕಟವಾಯಿತು, 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭವಾದವು. ಸಾಮಾನ್ಯ ಕಾಯಕದವರ, ಸ್ತ್ರೀಯರ ಮಾತುಗಳು ವಿದ್ವತ್ತಿನ ವಿಷಯವಾದದ್ದು ಈ ಸಂಗ್ರಹದ ಫಲವಾಗಿ. ಹಳಕಟ್ಟಿಯವರು 1910ರಲ್ಲಿ ಹುಟ್ಟುಹಾಕಿದ ಬಿ.ಎಲ್.ಡಿ.ಇ. ಸಂಸ್ಥೆಯೇ ಮುಂದೆ ಇಲ್ಲಿ ವೈದ್ಯಕೀಯ ಮತ್ತು ಆಯುರ್ವೇದ ಮಹಾವಿದ್ಯಾಲಯಗಳನ್ನು ನಡೆಸಿತೆಂಬುದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಸಂಗತಿ.

ನೋಂದಣಿ, ಕಾಲೇಜು, ಪದವಿ

ವಸಾಹತು ಕಾಲದಲ್ಲಿ ಪ್ರಸೂತಿ ವಿದ್ಯೆ ಮೊದಲ ಬಾರಿಗೆ ಸರ್ಕಾರದ ಗಮನಕ್ಕೆ ಬಂದಿತು. 1885ರ ಡಫರಿನ್ ನಿಧಿ ಸ್ತ್ರೀಯರಿಗೆ ಸ್ತ್ರೀ ವೈದ್ಯರ ನೆರವು ಒದಗಿಸಲು ಹೊರಟರೆ, 1903ರ ವಿಕ್ಟೋರಿಯಾ ಸ್ಮಾರಕ ನಿಧಿ ದಾಯಿಗಳಿಗೆ ತರಬೇತಿ ಕೊಡುವ ಉದ್ದೇಶ ಹೊಂದಿತ್ತು. ಈ ಯೋಜನೆಗಳಲ್ಲಿ ಸೂಲಗಿತ್ತಿ ತಿದ್ದಬೇಕಾದ ಅಜ್ಞಾನಿಯಾಗಿ ಕಂಡಳೇ ಹೊರತು ಕೇಳಿ ತಿಳಿಯಬೇಕಾದ ಬಲ್ಲವಳಾಗಿ ಕಾಣಲಿಲ್ಲ. ವಿಜಯಪುರ ಜಿಲ್ಲೆ ಅಂದು ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1938ರ ಮುಂಬಯಿ ವೈದ್ಯವೃತ್ತಿ ಕಾಯ್ದೆಯಿಂದ ಆಯುರ್ವೇದ ಮತ್ತು ಯುನಾನಿ ವೈದ್ಯರಿಗೆ ನೋಂದಣಿ ದೊರೆಯಿತು. ವೈದ್ಯರು, ಹಕೀಮರು ಪಟ್ಟಿಗೆ ಸೇರಿದರು. ಹಳ್ಳಿಯ ಸೂಲಗಿತ್ತಿಗೆ ಆ ಪಟ್ಟಿಯಲ್ಲಿ ಸ್ಥಳವಿರಲಿಲ್ಲ.

ಮೈಸೂರಿನಲ್ಲಿ 1908ರಲ್ಲಿ, ಬೆಳಗಾವಿಯಲ್ಲಿ 1933ರಲ್ಲಿ ಆಯುರ್ವೇದ ಶಿಕ್ಷಣ ಸಂಸ್ಥೆಗಳು ನೆಲೆಗೊಂಡವು. ಸ್ವಾತಂತ್ರ್ಯಾನಂತರ 1956ರಲ್ಲಿ ಜಾಮ್‌ನಗರದಲ್ಲಿ ಸ್ನಾತಕೋತ್ತರ ತರಬೇತಿ ಕೇಂದ್ರ ಸ್ಥಾಪನೆಯಾಯಿತು. 1970ರ ಭಾರತೀಯ ವೈದ್ಯ ಕೇಂದ್ರ ಮಂಡಲಿ ಕಾಯ್ದೆ ದೇಶಕ್ಕೆಲ್ಲ ಏಕರೂಪದ ಪಠ್ಯಕ್ರಮಕ್ಕೆ ದಾರಿ ಮಾಡಿತು. ಆ ಮಂಡಲಿಯ ಜಾಗಕ್ಕೆ 2020ರ ಕಾಯ್ದೆಯಂತೆ ರಾಷ್ಟ್ರೀಯ ಆಯೋಗ ಬಂದಿದೆ. ಕರ್ನಾಟಕದಲ್ಲಿ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಆಯುರ್ವೇದದ ಉನ್ನತ ಪದವಿಗಳು ಒಂದು ವ್ಯವಸ್ಥೆಗೆ ಒಳಪಟ್ಟವು. ವಿಜಯಪುರದಲ್ಲಿ 2003ರಲ್ಲಿ ರಾಜ್ಯ ಮಹಿಳಾ ವಿಶ್ವವಿದ್ಯಾಲಯ ಆರಂಭವಾಯಿತು. ಅದು 2017ರಿಂದ ಅಕ್ಕಮಹಾದೇವಿಯ ಹೆಸರು ಹೊತ್ತಿದೆ. ಬಿ.ಎಲ್.ಡಿ.ಇ. 2008ರಲ್ಲಿ ಪರಿಭಾವಿತ ವಿಶ್ವವಿದ್ಯಾಲಯದ ಮಾನ್ಯತೆ ಪಡೆಯಿತು. ಆಧುನಿಕ ವೈದ್ಯಕೀಯ, ಆಯುರ್ವೇದ ಮತ್ತು ಮಹಿಳಾ ಅಧ್ಯಯನ ಈ ಮೂರೂ ಒಂದೇ ಊರಿನಲ್ಲಿರುವುದು ಉತ್ತರ ಕರ್ನಾಟಕದಲ್ಲಿ ವಿರಳವಾದ ಅನುಕೂಲ.

ಇಡೀ ನಾಡಿಗೆ ಸಂಬಂಧಿಸಿದ ಇನ್ನೊಂದು ಘಟನೆಯನ್ನು ಇಲ್ಲಿ ಸ್ಮರಿಸಬೇಕು. ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಸಾವಿರಾರು ಹೆರಿಗೆಗಳನ್ನು ಉಚಿತವಾಗಿ ಮಾಡಿಸಿದ, ಅಕ್ಷರ ಕಲಿಯದ ಆ ಹಿರಿಯರನ್ನು ವಿಶ್ವವಿದ್ಯಾಲಯವೊಂದು ಗುರುತಿಸಿದ್ದು ಅಭಿಮಾನದ ಸಂಗತಿ. ಆದರೆ ಗೌರವ ಪದವಿ ವ್ಯಕ್ತಿಯನ್ನು ಗೌರವಿಸುತ್ತದೆಯೇ ಹೊರತು ಆ ವ್ಯಕ್ತಿಯ ವಿದ್ಯೆಯನ್ನು ಗ್ರಂಥಾಲಯಕ್ಕೆ ಸೇರಿಸುವುದಿಲ್ಲ.

ಚೀನದ ನಿದರ್ಶನ

ಈ ವಿಷಯದಲ್ಲಿ ನಮಗಿಂತ ಮುಂದೆ ಸಾಗಿರುವ ದೇಶ ಚೀನ. ಆ ದೇಶಕ್ಕೂ ನಮ್ಮ ಗಡಿಸೀಮೆಗೂ ವೈದ್ಯಕೀಯ ನಂಟೊಂದಿದೆ. ವಿಜಯಪುರದಿಂದ ಸುಮಾರು 100 ಕಿಲೋಮೀಟರ್ ಉತ್ತರಕ್ಕಿರುವ, ಕನ್ನಡಿಗರು ಗಣನೀಯವಾಗಿ ನೆಲೆಸಿರುವ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸರು 1938ರ ಭಾರತೀಯ ವೈದ್ಯಕೀಯ ನಿಯೋಗದಲ್ಲಿ ಚೀನಕ್ಕೆ ತೆರಳಿ 1942ರಲ್ಲಿ ಅಲ್ಲಿಯೇ ನಿಧನರಾದರು. ಅದೇ ನಿಯೋಗದಲ್ಲಿದ್ದ ಡಾ. ಬಿ.ಕೆ. ಬಸು ಅವರು ಮುಂದೆ ಚೀನದಲ್ಲಿ ಸೂಜಿಚಿಕಿತ್ಸೆ ಕಲಿತು 1959ರಲ್ಲಿ ಅದನ್ನು ಕಲ್ಕತ್ತೆಗೆ ತಂದರು.

ಚೀನೀ ವೈದ್ಯದಲ್ಲಿಯೂ ಸ್ತ್ರೀರೋಗ ಸಾಹಿತ್ಯ ಪುರಾತನವಾದುದು. ಏಳನೆಯ ಶತಮಾನದ ಸುನ್ ಸಿಮಿಯಾವ್ ತನ್ನ ಚಿಕಿತ್ಸಾ ಗ್ರಂಥದಲ್ಲಿ ಸ್ತ್ರೀರೋಗಗಳಿಗೆ ಮೊದಲ ಸ್ಥಾನ ಕೊಟ್ಟನು. 1237ರಲ್ಲಿ ಚೆನ್ ಜಿಮಿಂಗ್ ಸ್ತ್ರೀ ವೈದ್ಯಕ್ಕೇ ಮೀಸಲಾದ ದೊಡ್ಡ ಸಂಕಲನ ರಚಿಸಿದನು. ಹದಿನೇಳನೆಯ ಶತಮಾನದ ಫು ಶಾನ್‌ನ ಹೆಸರಿನ ಸ್ತ್ರೀರೋಗ ಗ್ರಂಥ 1827ರಲ್ಲಿ ಅಚ್ಚಾಯಿತು. ಆದರೆ ಅಲ್ಲಿಯೂ ಬರೆದವರು ಪುರುಷ ವೈದ್ಯರು, ಹೆರಿಗೆ ಮಾಡಿಸಿದವರು ಅನಕ್ಷರಸ್ಥ ಸೂಲಗಿತ್ತಿಯರು. ಬಾಣಂತಿ ಒಂದು ತಿಂಗಳು ಗಾಳಿ, ತಣ್ಣೀರುಗಳಿಂದ ದೂರವಿದ್ದು ಒಳಗೇ ಉಳಿಯುವ ಅಲ್ಲಿನ ಪದ್ಧತಿ ನಮ್ಮ ಬಾಣಂತನವನ್ನೇ ನೆನಪಿಸುತ್ತದೆ.

1956ರಲ್ಲಿ ಬೀಜಿಂಗ್, ಶಾಂಘಾಯ್, ಗುವಾಂಗ್ಜೌ ಮತ್ತು ಚೆಂಗ್ಡುಗಳಲ್ಲಿ ಚೀನೀ ವೈದ್ಯದ ಕಾಲೇಜುಗಳು ತೆರೆದವು. ಜಾಮ್‌ನಗರದ ಕೇಂದ್ರ ಆರಂಭವಾದದ್ದೂ ಅದೇ ವರ್ಷವೆಂಬುದು ಕುತೂಹಲಕರ. 1978ರಲ್ಲಿ ಸ್ನಾತಕೋತ್ತರ ಶಿಕ್ಷಣ ಮತ್ತೆ ಚಿಗುರಿತು. 1981ರಲ್ಲಿ ಪದವಿ ನಿಯಮಗಳು ಜಾರಿಗೆ ಬಂದ ಮೇಲೆ ಡಾಕ್ಟರೇಟ್ ಹಂತ ತೆರೆಯಿತು.

ಈ ಬೆಳವಣಿಗೆಯಿಂದ ನಾವು ಕಲಿಯಬೇಕಾದದ್ದು ಯಶಸ್ಸುಗಳಿಗಿಂತ ಹೆಚ್ಚಾಗಿ ಸೋಲನ್ನು ಒಪ್ಪಿಕೊಂಡ ಕ್ರಮವನ್ನು. 1950ರ ದಶಕದಲ್ಲಿ ಜೀವಂತ ಗೊದಮೊಟ್ಟೆಗಳನ್ನು ನುಂಗಿದರೆ ಗರ್ಭ ನಿಲ್ಲುವುದಿಲ್ಲವೆಂಬ ನಾಡಮದ್ದಿಗೆ ಅಲ್ಲಿ ಅಧಿಕೃತ ಪ್ರಚಾರವೇ ದೊರೆತಿತ್ತು. 1958ರಲ್ಲಿ ಪರೀಕ್ಷಿಸಿದಾಗ ಅದು ನಿಷ್ಫಲವೆಂದು ತಿಳಿದು ಕೈಬಿಡಲಾಯಿತು. ಅಡ್ಡಗಾಲಿನ ಶಿಶು ತಲೆಕೆಳಗಾಗಿ ತಿರುಗಲು ಕಾಲಿನ ಕಿರುಬೆರಳ ಬಳಿ ಮೂಲಿಕೆಯ ಶಾಖ ಕೊಡುವ ಚಿಕಿತ್ಸೆಯನ್ನು 260 ಚೊಚ್ಚಲ ಗರ್ಭಿಣಿಯರಲ್ಲಿ ಪರೀಕ್ಷಿಸಿ 1998ರಲ್ಲಿ ಅನುಕೂಲಕರ ಫಲಿತಾಂಶ ಪ್ರಕಟವಾಯಿತು. ಅನಂತರದ ಪರೀಕ್ಷೆಗಳ ಫಲಿತಾಂಶ ಒಂದೇ ತೆರನಾಗಿಲ್ಲ. ಅಂಡಾಶಯದ ನೀರ್ಗುಳ್ಳೆಗಳ ತೊಂದರೆಯಿಂದ ಮಕ್ಕಳಾಗದ 1000 ಸ್ತ್ರೀಯರಲ್ಲಿ ಹೈಲಾಂಗ್‌ಜಿಯಾಂಗ್ ಚೀನೀ ವೈದ್ಯ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ನಡೆದ ಪರೀಕ್ಷೆ, ಸೂಜಿಚಿಕಿತ್ಸೆಯಿಂದ ಜೀವಂತ ಶಿಶುಜನನದ ಪ್ರಮಾಣ ಹೆಚ್ಚಲಿಲ್ಲವೆಂದು 2017ರಲ್ಲಿ ತಿಳಿಸಿತು. ತನ್ನದೇ ಪದ್ಧತಿಯ ಚಿಕಿತ್ಸೆ ಫಲ ಕೊಡಲಿಲ್ಲವೆಂದು ಜಗತ್ತಿಗೆ ಹೇಳಬಲ್ಲ ವಿಶ್ವವಿದ್ಯಾಲಯವೇ ಆ ಪದ್ಧತಿಯಲ್ಲಿ ಡಾಕ್ಟರೇಟ್ ಕೊಡಲು ಅರ್ಹವಾದುದು. ನಾಲ್ಕನೆಯ ಶತಮಾನದ ಗ್ರಂಥವೊಂದರ ಸೂಚನೆಯನ್ನು ಹಿಡಿದು ಮಲೇರಿಯಾಕ್ಕೆ ಔಷಧ ಕಂಡುಹಿಡಿದು 2015ರಲ್ಲಿ ನೊಬೆಲ್ ಪಡೆದ ತು ಯೂಯೂ ಅವರಿಗೆ ಡಾಕ್ಟರೇಟ್ ಪದವಿ ಇರಲಿಲ್ಲವೆಂಬುದನ್ನೂ ಇಲ್ಲಿ ಮರೆಯಬಾರದು.

ತಿಕೋಟಾ–ಬಬಲೇಶ್ವರ ಸೀಮೆಯ ಬಾಣಂತನ

ಚೀನದ ಈ ಅನುಭವವನ್ನು ನಮ್ಮ ನೆಲಕ್ಕೆ ಅನ್ವಯಿಸುವ ಮುನ್ನ ಇಲ್ಲಿ ಪರೀಕ್ಷೆಗೆ ಅರ್ಹವಾದ ಸಾಮಗ್ರಿ ಏನಿದೆಯೆಂದು ನೋಡಬೇಕು. ನಗರದ ಪಶ್ಚಿಮಕ್ಕೆ ತಿಕೋಟಾ, ನೈರುತ್ಯಕ್ಕೆ ಡೋಣಿ ನದಿಯ ಬಯಲಿನ ಬಬಲೇಶ್ವರ. ಎರಡೂ ವಿಜಯಪುರ ತಾಲೂಕಿಗೆ ಸೇರಿದ್ದು 2018ರಲ್ಲಿ ಪ್ರತ್ಯೇಕ ತಾಲೂಕುಗಳಾದವು. ಬಿಳಿಜೋಳದ ಎರೆಭೂಮಿ, ಇತ್ತೀಚಿನ ದಶಕಗಳ ದ್ರಾಕ್ಷಿ ತೋಟಗಳು, ಆಚೆಗೆ ಮಹಾರಾಷ್ಟ್ರದ ಜತ್ತ ತಾಲೂಕು. ಹೀಗೆ ಎರಡು ಭಾಷೆಗಳು ಬೆರೆಯುವ ಸೀಮೆಯಿದು.

ಈ ಭಾಗದ ಕುಟುಂಬಗಳಲ್ಲಿ ಕುಬಸದಿಂದ ತೊಟ್ಟಿಲ ಕಾರ್ಯದವರೆಗೆ ಒಂದು ಕ್ರಮವಿದೆ. ಬಾಣಂತಿಗೆ ಎಣ್ಣೆ ನೀವಿ ಬಿಸಿನೀರು ಹಾಕುವುದು, ಹೊಟ್ಟೆಗೆ ಬಟ್ಟೆ ಬಿಗಿದು ಕಟ್ಟುವುದು, ಹೊರಸಿನ ಕೆಳಗೆ ಕೆಂಡವಿಟ್ಟು ಕಾಯಿಸುವುದು, ಲೋಬಾನದ ಹೊಗೆ ಕೊಡುವುದು, ಒಣಕೊಬ್ಬರಿ, ಉತ್ತತ್ತಿ, ಅಂಟು ಹಾಕಿದ ಉಂಡೆ, ಹಾಲು ಹೆಚ್ಚಲು ಅಳವಿಯ ಪಾಯಸ, ಸಬ್ಬಸಿಗೆ ಪಲ್ಯ ಇವು ಸಾಮಾನ್ಯ. ಮುಸ್ಲಿಂ ಮನೆಗಳಲ್ಲಿ ಆರನೆಯ ದಿನದ ಛಟ್ಟಿಯೂ ನಲವತ್ತು ದಿನಗಳ ಚಿಲ್ಲಾವೂ ಇದೇ ಕಾಲಮಾನವನ್ನು ಬೇರೆ ಹೆಸರಿನಲ್ಲಿ ಪಾಲಿಸುತ್ತವೆ.

ಇವುಗಳನ್ನು ಗ್ರಂಥದೊಡನೆ ಹೋಲಿಸಿದರೆ ಹಲವು ಎಳೆಗಳು ಕೂಡುತ್ತವೆ. ಎಣ್ಣೆ ಹಚ್ಚುವುದು, ಹೊಟ್ಟೆಗೆ ಬಟ್ಟೆ ಸುತ್ತುವುದು ಚರಕ ಸಂಹಿತೆಯ ಸೂತಿಕಾ ಪರಿಚರ್ಯೆಯಲ್ಲಿಯೂ ಇವೆ. ಮಗು ಹುಟ್ಟಿದ ಐದನೆಯ ದಿನ ಶೆಟವಿ ಬಂದು ಹಣೆಬರಹ ಬರೆಯುತ್ತಾಳೆಂಬ ನಂಬಿಕೆಗೂ, ನೇಪಾಳದ ಹೇಮರಾಜ ಶರ್ಮರ ಉಪೋದ್ಘಾತದೊಡನೆ 1938ರಲ್ಲಿ ಮುದ್ರಣಗೊಂಡ ಕಾಶ್ಯಪ ಸಂಹಿತೆಯಲ್ಲಿ ಬರುವ ಷಷ್ಠೀ ದೇವತೆಗೂ ಇರುವ ನಂಟು ಸ್ಪಷ್ಟ. ಗ್ರಂಥದಿಂದ ಹಳ್ಳಿಗೆ ಇಳಿದದ್ದೆಷ್ಟು, ಹಳ್ಳಿಯಿಂದ ಗ್ರಂಥಕ್ಕೆ ಏರಿದ್ದೆಷ್ಟು ಎಂಬುದನ್ನು ತೀರ್ಮಾನಿಸುವುದು ಒಂದು ಪಿಎಚ್.ಡಿ. ಪ್ರಬಂಧಕ್ಕೆ ತಕ್ಕ ವಿಷಯ.

ಆದರೆ ಕಾಲ ಕಡಿಮೆಯಿದೆ. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ, ಜನನಿ ಸುರಕ್ಷಾ, ರಾಜ್ಯದ ಮಡಿಲು, ತಾಯಿಭಾಗ್ಯ ಯೋಜನೆಗಳ ಪರಿಣಾಮವಾಗಿ ಹೆರಿಗೆ ಆಸ್ಪತ್ರೆಗೆ ಸಾಗಿತು. ರಾಜ್ಯದಲ್ಲಿ 2005–06ರಲ್ಲಿ ಸುಮಾರು ಶೇ. 65ರಷ್ಟಿದ್ದ ಆಸ್ಪತ್ರೆ ಹೆರಿಗೆ 2019–20ರ ಹೊತ್ತಿಗೆ ಶೇ. 97 ತಲುಪಿತು. 2001–03ರಲ್ಲಿ ಲಕ್ಷ ಜೀವಂತ ಜನನಗಳಿಗೆ 228 ಇದ್ದ ತಾಯಂದಿರ ಮರಣ 2018–20ರಲ್ಲಿ 69ಕ್ಕೆ ಇಳಿಯಿತು. ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ದು ಧನುರ್ವಾತಕ್ಕೆ ಶಿಶುಗಳನ್ನು ಕಳೆದುಕೊಳ್ಳುತ್ತಿದ್ದ ಕಾಲ ಹಿಂದೆ ಸರಿದು, 2015ರಲ್ಲಿ ಭಾರತ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾತವನ್ನು ನಿವಾರಿಸಿದ ದೇಶವೆಂದು ಘೋಷಿತವಾಯಿತು. ಇವು ಉಳಿದ ಜೀವಗಳ ಲೆಕ್ಕ. ಪರಂಪರೆಯ ಮೇಲಿನ ಯಾವ ಮಮತೆಯೂ ಇದನ್ನು ಮರೆಮಾಡಬಾರದು. ಆದರೆ ಇದೇ ಬದಲಾವಣೆಯಿಂದ ಸೂಲಗಿತ್ತಿಗೆ ಶಿಷ್ಯೆಯರಿಲ್ಲವಾದರು. ಹೆರಿಗೆಯ ಕೆಲಸ ಅವಳ ಕೈಬಿಟ್ಟರೂ ಬಾಣಂತನದ ವಿದ್ಯೆ ಇನ್ನೂ ಮನೆಗಳಲ್ಲಿದೆ. ಅದನ್ನು ಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಅಧ್ಯಯನ ಕ್ರಮದ ರೂಪರೇಖೆ

ಮೇಲಿನ ಚರ್ಚೆಯ ಹಿನ್ನೆಲೆಯಲ್ಲಿ ವಿಜಯಪುರದಂತಹ ಕೇಂದ್ರದಲ್ಲಿ ಕೈಗೊಳ್ಳಬಹುದಾದ ಸಂಶೋಧನ ಕ್ರಮಕ್ಕೆ ಮೂರು ಹಂತಗಳನ್ನು ಸೂಚಿಸಬಹುದು.

ಮೊದಲನೆಯದು ಸಂಗ್ರಹ. 2001ರಲ್ಲಿ ಆರಂಭವಾದ ರಾಷ್ಟ್ರೀಯ ಪಾರಂಪರಿಕ ಜ್ಞಾನ ಗಣಕ ಗ್ರಂಥಾಲಯ ಲಿಖಿತ ಗ್ರಂಥಗಳಲ್ಲಿರುವ ಯೋಗಗಳನ್ನು ಆಧರಿಸಿದ್ದು. ಬರಹಕ್ಕೆ ಬಾರದ ಜ್ಞಾನ ಅದರ ವ್ಯಾಪ್ತಿಯಲ್ಲಿ ಇಲ್ಲ. ಹಳಕಟ್ಟಿಯವರು ಓಲೆಗರಿಗಾಗಿ ಮನೆಮನೆ ತಿರುಗಿದಂತೆ, ಸಂಶೋಧಕರು ಮನೆತನದ ವೈದ್ಯರ ಕಟ್ಟುಗಳಿಗಾಗಿಯೂ ಹಿರಿಯ ಸ್ತ್ರೀಯರ ಮಾತಿಗಾಗಿಯೂ ತಿರುಗಬೇಕು. ಹೇಳಿದವರ ಒಪ್ಪಿಗೆ ಪಡೆದು, ಅವರ ಹೆಸರಿನಲ್ಲೇ, ಅವರ ಆಡುಮಾತಿನಲ್ಲೇ ದಾಖಲಿಸಬೇಕು. 2002ರ ಜೀವವೈವಿಧ್ಯ ಕಾಯ್ದೆಯ ಲಾಭ ಹಂಚಿಕೆಯ ತತ್ತ್ವ ಇಲ್ಲಿಯೂ ಅನ್ವಯವಾಗಬೇಕು.

ಎರಡನೆಯದು ವಿಮರ್ಶೆ. ಪ್ರಾಚೀನ ಗ್ರಂಥಗಳಲ್ಲಿ ಗಂಡು ಸಂತಾನಕ್ಕಾಗಿ ವಿಧಿಸಿದ ಪುಂಸವನದ ಪ್ರಯೋಗಗಳಿವೆ. 1994ರ ಲಿಂಗಪತ್ತೆ ತಡೆ ಕಾಯ್ದೆ ಹಾಗೂ ಗರ್ಭಧಾರಣೆಗೆ ಮುಂಚಿನ ಲಿಂಗ ಆಯ್ಕೆಯನ್ನೂ ಒಳಗೊಂಡ ಅದರ ತಿದ್ದುಪಡಿಯ ಮುಂದೆ ಇವು ಚಿಕಿತ್ಸೆಯ ವಿಷಯವಲ್ಲ, ಸಾಮಾಜಿಕ ಇತಿಹಾಸದ ವಿಷಯ ಮಾತ್ರ. ಈ ಅಂತರವನ್ನು ವಿದ್ಯಾರ್ಥಿಗೆ ಮೊದಲ ದಿನವೇ ಕಲಿಸದ ಅಧ್ಯಯನ ಕ್ರಮ ಅಪಾಯಕಾರಿ.

ಮೂರನೆಯದು ಪರೀಕ್ಷೆ. ಅಳವಿಯಿಂದ ಎದೆಹಾಲು ಹೆಚ್ಚುವುದೇ, ಹೊಟ್ಟೆ ಕಟ್ಟುವುದರಿಂದ ಬೆನ್ನುನೋವು ತಗ್ಗುವುದೇ, ಮುಚ್ಚಿದ ಕೋಣೆಯ ಕೆಂಡದ ಹೊಗೆ ತಾಯಿಮಗುವಿನ ಉಸಿರಿಗೆ ಮಾಡುವ ಕೇಡೆಷ್ಟು, ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿಯ ಪರಿಣಾಮವೇನು? ಇವೆಲ್ಲ ಅಳೆಯಬಹುದಾದ ಪ್ರಶ್ನೆಗಳು. ಆಯುರ್ವೇದ ಮತ್ತು ಆಧುನಿಕ ಪ್ರಸೂತಿ ವಿಭಾಗಗಳ ಮಾರ್ಗದರ್ಶಕರು ಜಂಟಿಯಾಗಿ ನಿಂತು, ಉತ್ತರ ಏನೇ ಬಂದರೂ ಪ್ರಕಟಿಸುವುದಾಗಿ ಮುಂಚಿತವಾಗಿಯೇ ಬದ್ಧರಾಗಬೇಕು.

ಉಪಸಂಹಾರ

ಭಾರತೀಯ ಪ್ರಸೂತಿ ವಿದ್ಯೆಯಲ್ಲಿ ಬರೆದವನು ಒಬ್ಬ, ಮಾಡಿದವಳು ಇನ್ನೊಬ್ಬಳು, ಪರೀಕ್ಷಿಸಿದವನು ಮೂರನೆಯವನು. ಈ ಮೂವರೂ ಒಂದೆಡೆ ಸೇರಿದ್ದು ಅಪರೂಪ. ಚೀನದ ಇತಿಹಾಸವೂ ಇದಕ್ಕೆ ಹೊರತಲ್ಲ. ಜಾಮ್‌ನಗರದಲ್ಲಿ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪಾರಂಪರಿಕ ವೈದ್ಯ ಕೇಂದ್ರಕ್ಕೆ ಶಂಕುಸ್ಥಾಪನೆಯಾದ ಮೇಲೆ ಈ ಕ್ಷೇತ್ರದ ಉನ್ನತ ಅಧ್ಯಯನಗಳಿಗೆ ಜಾಗತಿಕ ಗಮನ ದೊರೆತಿದೆ. ಪದವಿಗಳ ಸಂಖ್ಯೆ ಹೆಚ್ಚುವುದು ಕಷ್ಟವಲ್ಲ. ಫಿರಿಸ್ತಾನ ತುಲನೆಯನ್ನೂ ಹಳಕಟ್ಟಿಯವರ ಸಂಗ್ರಹವನ್ನೂ ಕಂಡ ನಗರದಲ್ಲಿ ಅವೆರಡಕ್ಕೂ ಪ್ರಯೋಗಾಲಯದ ಪರೀಕ್ಷೆಯನ್ನು ಜೋಡಿಸುವುದು ಈ ತಲೆಮಾರಿನ ಸಂಶೋಧಕರ ಪಾಲಿಗೆ ಬಂದ ಕೆಲಸ. ತಿಕೋಟಾ, ಬಬಲೇಶ್ವರಗಳ ಹಿರಿಯ ಸೂಲಗಿತ್ತಿಯರು ಇರುವಾಗಲೇ ಆ ಕೆಲಸ ಆರಂಭವಾಗಬೇಕು. ಅವರ ನಂತರ ಆರಂಭವಾದರೆ ಉಳಿಯುವುದು ಮತ್ತೆ ಗ್ರಂಥದ ಇತಿಹಾಸ ಮಾತ್ರ.